ಗಾಳಿ ಬಂಗ್ಲೆಯಲ್ಲಿದ್ದ ಅಕ್ಕೋರು

ನಗು ಬಂದರೆ ನಮ್ಮ ಶಾಲೆಯ ಅಕ್ಕೋರು ಸೆರಗಿನ ತುದಿಯನ್ನು ಮೂಗಿನ ತನಕ ಎಳೆದುಕೊಂಡು ಗೋಡೆಯ ಕಡೆ ತಿರುಗುತ್ತಿದ್ದರು. ನಕ್ಕು ಮುಗಿಸಿ ಈಚೆ ತಿರುಗಿದಾಗ ಕಣ್ಣಲ್ಲಿ ಮಾತ್ರ ನೀರು, ಉಳಿದಂತೆ ಏನೂ ನಡೆದೇ ಇಲ್ಲವೆಂಬಂಥ ಮುಖ. ಅವರಿಗೆ ಮುಂದಿನ ಹಲ್ಲಿಲ್ಲ ಎಂದು ಒಂದನೇ ಕ್ಲಾಸಿನಲ್ಲಿ ನಾವೆಲ್ಲ ಸೇರಿ ತೀರ್ಮಾನಿಸಿದ್ದೆವು. ನಾಲ್ಕನೇ ಕ್ಲಾಸಿಗೆ ಬರುವಷ್ಟರಲ್ಲಿ ಹಲ್ಲಿರುವುದು ಖಾತ್ರಿಯಾಗಿ, ಆ ವಿಷಯದಲ್ಲಿ ನಮಗಿದ್ದ ಆಸಕ್ತಿ ಹೋಯಿತು.

ನಿಟ್ಟೂರಿನ ಶಾಲೆಯಲ್ಲಿ ಅವರ ಕ್ಲಾಸಿನ ಕಿಟಕಿಗಳನ್ನು ಮಳೆಗಾಲದಲ್ಲೂ ಮುಚ್ಚುವಂತಿರಲಿಲ್ಲ. ಇರಚಲು ಹೊಡೆದು ಸ್ಲೇಟಿನ ಲೆಕ್ಕ ಅಳಿಸಿ ಹೋದರೆ ಇನ್ನೊಂದು ಸಲ ಮಾಡಿಸುತ್ತಿದ್ದರು. ಹೆಡ್ಮಾಸ್ತರು ಗೊಣಗಿದರೆ, “ಗಾಳಿ ಬರ್ಲಿ ಬಿಡಿ ಸಾರ್, ಅದಕ್ಕೇನು ಪಗಾರ ಕೊಡ್ಬೇಕಾ” ಎನ್ನುತ್ತಿದ್ದರು. ಮಧ್ಯಾಹ್ನ ಉಂಡ ಮೇಲೆ ನಮ್ಮನ್ನೆಲ್ಲ ಜಗಲಿಯಲ್ಲಿ ಸಾಲಾಗಿ ಮಲಗಿಸಿ, ಎದೆಯ ಮೇಲೆ ಕೈ ಇಡಿಸಿ, ಉಸಿರು ಎಳೆದು ಬಿಡಲು ಹೇಳುತ್ತಿದ್ದರು. ಮಗ್ಗಿ ಬಾರದವನಿಗೆ ಎಂದೂ ಹೊಡೆದವರಲ್ಲ. ಅಂಗಳದಲ್ಲಿ ಉಗುಳಿದವನ ಕಿವಿಯನ್ನು ಮಾತ್ರ ಬಿಟ್ಟವರಲ್ಲ.

ನಮ್ಮ ಮನೆಯಲ್ಲಿ ಅವರ ಬಗ್ಗೆ ಒಳ್ಳೆಯ ಮಾತಿರಲಿಲ್ಲ. ನಾವು ಗೇಣಿ ಮಾಡಿಕೊಂಡಿದ್ದು ಆಮೇಲೆ ಭೂಮಿ ಪಡೆದವರು. ಅಕ್ಕೋರು ಒಡೆಯರ ಪೈಕಿ, ತೋಟದವರ ಮನೆಯ ಹೆಣ್ಣುಮಗಳು. ಒಮ್ಮೆ ನಾನು ದನ ಕಾಯುವ ನೆಪದಲ್ಲಿ ಶಾಲೆ ತಪ್ಪಿಸಿದಾಗ ಹುಡುಕಿಕೊಂಡು ಮನೆಗೇ ಬಂದರು. ಅವ್ವ ಸಡಗರದಿಂದ ಕಾಫಿ ತಂದಿಟ್ಟಳು. “ಈಗಷ್ಟೇ ಕುಡ್ದು ಬಂದೆ” ಎಂದರು. ಮಜ್ಜಿಗೆ ತಂದಳು. ಸೆರಗು ಬಾಯಿಗೆ ಹೋಯಿತು, ತಲೆ ಅಡ್ಡಡ್ಡ ಆಡಿತು. ಅವ್ವ ಅವರ ಎದುರಿಗೇ ಆ ಮಜ್ಜಿಗೆಯನ್ನು ಬಾಳೆಯ ಬುಡಕ್ಕೆ ಸುರಿದಳು. ಅಕ್ಕೋರು ಅದನ್ನು ನೋಡಿಕೊಂಡೇ, “ನಾಳೆ ಹುಡುಗನ್ನ ಕಳ್ಸಿ” ಎಂದು ಹೇಳಿ ಹೊರಟರು.

“ನಮ್ಮನೆ ನೀರು ಮುಟ್ಟಿದ್ರೆ ಅವ್ರಿಗೆ ಮೈಲಿಗೆ” ಎಂದಳು ಅವ್ವ. “ಅಕ್ಷರಕ್ಕೆ ಮೈಲಿಗೆ ಇಲ್ಲ. ನೀನು ಹೋಗು.”

ನಾನು ಹೋದೆ. ಓದಿದೆ. ಈಗ ಹೊಸನಗರದ ಕಾಲೇಜಿನಲ್ಲಿ ಇತಿಹಾಸ ಹೇಳುತ್ತೇನೆ. ಇತಿಹಾಸದ ಮಾಸ್ತರನಿಗೆ ಹಳೆಯ ಗೋಡೆ ಕಂಡರೆ ಸುಮ್ಮನಿರಲು ಬರುವುದಿಲ್ಲ. ಕರೆಯದ ಮನೆಗೂ ಊಟಕ್ಕೆ ಹೋಗುವ ಜಾತಿ ನಮ್ಮದು. ಕೊಲ್ಲೂರಿನ ಕಡೆ ಘಟ್ಟ ಇಳಿದು ಸಮುದ್ರ ಮುಟ್ಟುವಲ್ಲಿ ಒಂದು ಹಳೆಯ ಆರೋಗ್ಯಧಾಮವಿದೆ. ಸುತ್ತಲಿನವರು ಅದನ್ನು ಗಾಳಿ ಬಂಗ್ಲೆ ಎನ್ನುತ್ತಾರೆ. ಹಿಂದೆ ಕ್ಷಯ ಹಿಡಿದವರು ಚೇತರಿಸಿಕೊಳ್ಳಲು ಅಲ್ಲಿ ತಿಂಗಳುಗಟ್ಟಲೆ ಇರುತ್ತಿದ್ದರಂತೆ. ಕೆಂಪು ಕಲ್ಲಿನ ಗೋಡೆ, ಸಮುದ್ರಕ್ಕೆ ಮುಖ ಮಾಡಿದ ಉದ್ದನೆಯ ಜಗಲಿ, ಮಂಚ ಸಮೇತ ರೋಗಿಯನ್ನು ಹೊರಗೆ ತರುವಷ್ಟು ಅಗಲದ ಬಾಗಿಲು. ಕೋಣೆಗಳಿಗೆ ಮೂಲೆಯೇ ಇಲ್ಲ, ದೂಳು ಕೂರಬಾರದೆಂದು ಗೋಡೆಗಳನ್ನು ದುಂಡಗೆ ತಿರುಗಿಸಿದ್ದಾರೆ. ಮದ್ದು ಸಾಲದ ಕಾಲದಲ್ಲಿ ಕಟ್ಟಡವನ್ನೇ ಮದ್ದು ಮಾಡಲು ಹೊರಟವರ ಕೆಲಸ ಅದು.

ಅದನ್ನು ಕೆಡವಿ ರೆಸಾರ್ಟ್ ಕಟ್ಟುವ ಮಾತು ಬಂತು. ನಾವು ಕೆಲವರು ಅರ್ಜಿ ಹಾಕಿದೆವು. ನೋಡಲು ಬರಲಿದ್ದ ಅಧಿಕಾರಿ ಫೋನಿನಲ್ಲಿ, “ಹಳೇ ಗೋಡೆ ಎಲ್ಲಾ ಕಡೆ ಇದಾವೆ ಮೇಷ್ಟ್ರೆ. ಇಲ್ಲಿದ್ದು ಬದುಕಿದೋರು ಒಬ್ರನ್ನಾದ್ರೂ ಕರ್ಕೊಂಡು ಬನ್ನಿ” ಎಂದರು.

ಅದೇನು ಮಹಾ ಎಂದುಕೊಂಡೆ. ಆ ಬಂಗ್ಲೆಗೆ ಘಟ್ಟದ ಮೇಲಿನಿಂದಲೇ ಹೆಚ್ಚು ಜನ ಹೋಗುತ್ತಿದ್ದರು ಎಂದು ಕೇಳಿದ್ದೆ. ಆದರೆ ಹುಂಚದಲ್ಲಿ ಒಬ್ಬರು ನಾನು ಕ್ಷಯ ಎಂದ ಕೂಡಲೇ ಎದ್ದು ನನ್ನ ಚಪ್ಪಲಿ ಎಲ್ಲಿದೆಯೆಂದು ತೋರಿಸಿದರು. ಬ್ಯಾಕೋಡಿನ ಅಜ್ಜಿಯೊಬ್ಬರು, “ನಮ್ಮನೆಯೋರು ಹೋಗಿದ್ದು ಅಲ್ಲಿಗಲ್ಲಪ್ಪ, ಅಜ್ಜನ ಮನೆಗೆ” ಎಂದರು. ತೀರ್ಥಹಳ್ಳಿಯಲ್ಲೂ ಅದೇ. ಮೂರು ತಾಲೂಕಿನಲ್ಲಿ ಒಬ್ಬರಿಗೂ ಆ ಕಾಯಿಲೆ ಬಂದಿರಲಿಲ್ಲ. ಎಲ್ಲರೂ ಅಜ್ಜನ ಮನೆಗೇ ಹೋಗಿದ್ದರು.

ಈ ಸಿಟ್ಟನ್ನು ಯಾರ ಮುಂದಾದರೂ ಕಾರಿಕೊಳ್ಳಬೇಕಿತ್ತು. ಅಕ್ಕೋರು ನಿವೃತ್ತರಾಗಿ ಹೊಸನಗರದಲ್ಲೇ ಒಂದು ಬಾಡಿಗೆ ಮನೆಯಲ್ಲಿ ಒಬ್ಬರೇ ಇದ್ದರು. ಮದುವೆಯಾದವರಲ್ಲ. ಆಗೀಗ ಹೋಗಿ ಬರುತ್ತಿದ್ದೆ. ಹೋದವನಿಗೆ ಕಾಫಿ ಸಿಗುತ್ತಿತ್ತು, ಅವರು ನನ್ನೆದುರು ಕುಡಿದದ್ದನ್ನು ಮಾತ್ರ ನೋಡಿರಲಿಲ್ಲ. ಅವತ್ತು ಮೊಬೈಲಿನಲ್ಲಿ ಬಂಗ್ಲೆಯ ಫೋಟೋ ತೆಗೆದು ಅವರ ಕೈಗೆ ಕೊಟ್ಟೆ.

ಬಹಳ ಹೊತ್ತು ನೋಡಿದರು. “ಇದೆಂತಕ್ಕೆ ತಂದ್ಯೋ ಮಾರಾಯ” ಎಂದರು. ಆಮೇಲೆ ಜಗಲಿಯ ಕಡೆಯ ಕಂಬದ ಮೇಲೆ ಬೆರಳಿಟ್ಟರು. “ನನ್ನ ಮಂಚ ಇಲ್ಲಿತ್ತು.”

ಹೈಸ್ಕೂಲಿನಲ್ಲಿದ್ದಾಗ ಕೆಮ್ಮಿನಲ್ಲಿ ರಕ್ತ ಬಿತ್ತಂತೆ. ಅತ್ತೆಯ ಮನೆಯಲ್ಲಿ ಓದಲು ಬಿಟ್ಟಿದ್ದೇವೆ ಎಂದು ಊರಿಗೆಲ್ಲ ಹೇಳಿ ಅಪ್ಪ ಅವರನ್ನು ಘಟ್ಟ ಇಳಿಸಿ ಬಂದರಂತೆ. ಮದ್ದು, ಗಾಳಿ, ಹೊಟ್ಟೆ ತುಂಬ ಊಟ. ಗುಣವಾಯಿತು. “ಗುಣ ಆಯ್ತು ಅಂತ ಡಾಕ್ಟ್ರು ಹೇಳಿದ್ರು. ಮನೇಲಿ ಯಾರೂ ಹೇಳ್ಲಿಲ್ಲ. ನನ್ನ ತಟ್ಟೆ ಲೋಟ ಹೊರಗೇ ಇತ್ತು. ಆಮೇಲೆ ನನಗೂ ಅಭ್ಯಾಸ ಆಗೋಯ್ತು.”

ನನಗೆ ಬಾಳೆಯ ಬುಡ ನೆನಪಾಯಿತು. “ಹಂಗಾರೆ ನಮ್ಮನೇಲಿ ಮಜ್ಜಿಗೆ ಬೇಡ ಅಂದಿದ್ದು…”

“ನಾ ಕುಡಿದ ಲೋಟದಲ್ಲಿ ನೀವು ಮಕ್ಕಳು ಕುಡೀಬಾರ್ದಲ್ಲ. ನಿಮ್ಮಮ್ಮ ಜಾತಿ ಅಂದ್ಕಂಡ್ರು. ನಂಗೆ ಗೊತ್ತಾಯ್ತು. ಅಂದ್ಕಳ್ಳಲಿ ಅಂತ ಬಿಟ್ಟೆ.” ಸೆರಗು ಬಾಯಿಗೆ ಹೋಗಿತ್ತು, ಈ ಸಲ ನಗುವಿರಲಿಲ್ಲ. “ಜಾತಿ ಮಾಡೋಳು ಅಂದ್ರೆ ಊರಲ್ಲಿ ಬಾಳಬಹುದಿತ್ತು. ಆ ಕಾಯಿಲೆಯೋಳು ಅಂದ್ರೆ ಆಗ್ತಿರ್ಲಿಲ್ಲ. ಕಾಯಿಲೆಗೆ ನಂಗೀಗ ನಾಚಿಕೆ ಇಲ್ಲ ಕಣೋ. ಬಡವರ ಮನೆ ಎದುರು ನಿಂತು ಜಾತಿಯೋಳು ಅನ್ನಿಸ್ಕಂಡು ಬಂದೆನಲ್ಲ, ಅದಕ್ಕೆ ಸಾಯೋವರೆಗೂ ನಾಚಿಕೆ.”

ಹೊರಡುವಾಗ, ಯಾರಿಗೂ ಹೇಳಬೇಡ ಎಂದರು. ಅಣ್ಣನ ಮೊಮ್ಮಗಳಿಗೆ ಗಂಡು ನೋಡುತ್ತಿದ್ದಾರೆ, ಈಗ ಸುದ್ದಿಯಾದರೆ ಕಷ್ಟ ಎಂದರು. ಇಲ್ಲ ಎಂದು ಮಾತು ಕೊಟ್ಟೆ. ಬಂಗ್ಲೆಯ ಆಸೆಯನ್ನು ಅಲ್ಲಿಗೇ ಬಿಟ್ಟೆ.

ಅಧಿಕಾರಿಗಳು ಬರುವ ದಿನ ಬೆಳಿಗ್ಗೆ ನಾವು ಹೊರಟ ವ್ಯಾನಿನ ಹತ್ತಿರ ಅಕ್ಕೋರು ನಿಂತಿದ್ದರು. ಇಸ್ತ್ರಿ ಸೀರೆ, ಕೈಯಲ್ಲಿ ಕೊಡೆ. “ಅಣ್ಣನಿಗೆ ಫೋನ್ ಮಾಡಿ ಹೇಳಿದೀನಿ. ಬಯ್ದ. ನಡಿ” ಎಂದರು.

ಜಗಲಿಯಲ್ಲಿ ಅಧಿಕಾರಿಗಳು, ಪಂಚಾಯಿತಿಯವರು, ರೆಸಾರ್ಟಿನವರು, ನಮ್ಮ ಕಡೆಯ ಒಂದಿಷ್ಟು ಜನ ಎಲ್ಲ ಇದ್ದರು. ಅಕ್ಕೋರು ಕಡೆಯ ಕಂಬ ಹಿಡಿದುಕೊಂಡು, ಶಾಲೆಯಲ್ಲಿ ಹಾಜರಿ ಕೂಗುತ್ತಿದ್ದ ದನಿಯಲ್ಲೇ ಹೇಳಿದರು. “ನಂಗೆ ಕ್ಷಯ ಇತ್ತು. ನಾನು ಇಲ್ಲಿ ಮಲಗಿದ್ದೆ. ನಮ್ಮ ಮಂಚ ಮುಟ್ಟೋಕೆ ನಮ್ಮ ಮನೆಯೋರೇ ಹೆದರ್ತಿದ್ದಾಗ ಇಲ್ಲಿಯೋರು ತಲೆ ಬಾಚಿದ್ರು, ಬಾಯಿಗೆ ಗಂಜಿ ಹಾಕಿದ್ರು. ಎಲ್ಲಾ ಜಾತಿಯೋರೂ ಒಂದೇ ಸಾಲಲ್ಲಿ ಮಲಗ್ತಿದ್ವಿ. ಗುಣ ಆಗಿ ಮನೆಗೆ ಹೋದ್ಮೇಲೆ ನಾವೆಲ್ಲ ಈ ಜಾಗ ಗೊತ್ತೇ ಇಲ್ಲ ಅಂದ್ವಿ. ಅನ್ನ ಹಾಕಿದ ಮನೆ ಇದು. ಬೀಳಿಸೋಕೆ ಮುಂಚೆ ಒಬ್ರಾದ್ರೂ ಬಂದು ಹೇಳ್ಬೇಕಿತ್ತು.”

ನಮ್ಮ ಕಡೆಯವರಲ್ಲಿ ಇಬ್ಬರು ನೆಲ ನೋಡುತ್ತಿದ್ದರು. ಕೆಡವುವುದನ್ನು ಸದ್ಯಕ್ಕೆ ತಡೆದಿದ್ದಾರೆ; ಸದ್ಯಕ್ಕೆ ಎಂಬುದು ಎಷ್ಟು ಉದ್ದವೋ ನನಗೆ ತಿಳಿಯದು.

ವಾಪಸು ಬರುವಾಗ ನಿಟ್ಟೂರಿನಲ್ಲಿ ವ್ಯಾನು ನಿಲ್ಲಿಸಲು ಹೇಳಿದರು. ನಮ್ಮ ಅಂಗಳಕ್ಕೆ ನಡೆದು ಬಂದು, ಅಕ್ಕಿ ಆರಿಸುತ್ತಿದ್ದ ಅವ್ವನ ಮುಂದೆ ನಿಂತೇ ಅಷ್ಟನ್ನೂ ಹೇಳಿದರು. ಅವ್ವ ಮೊರ ಕೆಳಗಿಟ್ಟಳು. ಕೂತುಕೊಳ್ಳಿ ಎಂದು ಕೂಡ ಅನ್ನಲಿಲ್ಲ. ಅಕ್ಕೋರು ಕೈ ಮುಗಿದು ಹೋದರು. ನನಗೆ ಅವ್ವನ ಮೇಲೆ ಬಂದ ಕೋಪ ಅಷ್ಟಿಷ್ಟಲ್ಲ.

ಅಣ್ಣನ ಮೊಮ್ಮಗಳಿಗೆ ನೋಡಿದ್ದ ಗಂಡು ತಪ್ಪಿತು. ಅಣ್ಣನ ಮನೆಯವರು ಅಕ್ಕೋರನ್ನು ಮಾತಾಡಿಸುವುದು ಬಿಟ್ಟರು. ಬೇಸಿಗೆ ಕಳೆಯುವ ಮೊದಲೇ ಅಕ್ಕೋರು ತೀರಿಕೊಂಡರು, ಹೃದಯಾಘಾತ. ಅವ್ವ ತಾನೂ ಬರುತ್ತೇನೆಂದು ಹಟ ಹಿಡಿದಳು. ಸಂಸ್ಕಾರ ಮುಗಿಸಿಕೊಂಡು ಬರುವಾಗ ಬಸ್ಸಿನಲ್ಲಿ ನಾನು ಮನಸ್ಸು ತಡೆಯದೆ ಕೇಳಿಯೇ ಬಿಟ್ಟೆ, ಅವತ್ತು ಅವರಿಗೆ ಒಂದು ಒಳ್ಳೆಯ ಮಾತು ಹೇಳಬಾರದಿತ್ತೇ ಎಂದು.

ಅವ್ವ ಕಿಟಕಿಯ ಆಚೆ ನೋಡುತ್ತಲೇ ಇದ್ದಳು.

“ಯಾವ ಬಾಯಲ್ಲಿ ಹೇಳ್ಲಿ? ಕಾಯಿಲೆ ಇತ್ತು ಅಂತ ಅವ್ರು ಮಜ್ಜಿಗೆ ಬೇಡ ಅಂದ ದಿನಾನೇ ಹೇಳಿದ್ದಿದ್ರೆ ನಿನ್ನ ಶಾಲೆ ಬಿಡಿಸ್ತಿದ್ದೆ.”