ಮೇಷ್ಟ್ರ ಗಾಡಿಯ ಮುಂದಿನ ಚಕ್ರ

ಚಿಕ್ಕಪ್ಪನ ಗ್ಯಾರೇಜಿನಲ್ಲಿ ಹಳೇ ಮೋಟಾರ್‌ಸೈಕಲ್‌ಗಳದೇ ದರ್ಬಾರು. ಎಂಜಿನ್ನು, ಬ್ರೇಕು, ಗಿರಾಕಿಗಳ ಜೊತೆ ಜಗಳ, ಇವೆಲ್ಲ ಚಿಕ್ಕಪ್ಪನ ಪಾಲು. ಚಕ್ರ ಮಾತ್ರ ಚಿಕ್ಕಮ್ಮನದು. ಮದುವೆಯಾಗಿ ಬಂದಾಗ ಸ್ಪ್ಯಾನರ್ ಯಾವುದೆಂದು ತಿಳಿಯದವಳು, ಗಂಡನ ಸೊಟ್ಟ ಚಕ್ರಗಳನ್ನು ನೋಡಲಾರದೆ ಆ ಕೆಲಸ ಕಲಿತಳಂತೆ. ಚಕ್ರವನ್ನು ಸ್ಟ್ಯಾಂಡಿಗೇರಿಸಿ ತಿರುಗಿಸಿ, ರಿಮ್ಮಿನ ಪಕ್ಕ ಸೀಮೆಸುಣ್ಣ ಹಿಡಿದು ಕೂರುತ್ತಿದ್ದಳು. ರಿಮ್ಮು ಓಲಾಡುವ ಕಡೆ ಗೀಟು ಬೀಳುತ್ತದೆ. ಅಲ್ಲಿನ ಸ್ಪೋಕ್ ಕಡ್ಡಿಗಳನ್ನು ಬಿಗಿ, ಸಡಿಲ ಮಾಡಿ ನೆಟ್ಟಗೆ ಮಾಡಬೇಕು. ಕೇಳಲು ಸುಲಭ. ನಾನೊಮ್ಮೆ ಕೈ ಹಾಕಿ ಚೆನ್ನಾಗಿ ಬೈಸಿಕೊಂಡಿದ್ದೆ.

ಡ್ರಾಯಿಂಗ್ ಮೇಷ್ಟ್ರ ತಾತನ ಕಾಲದ ಗಾಡಿಗೆ ಅವಳೇ ಮುಂದಿನ ಚಕ್ರ ಕಟ್ಟಿಕೊಟ್ಟಳು. ವಾರದೊಳಗೆ ಮೇಷ್ಟ್ರು ಹಾಜರ್.

"ಸ್ವಲ್ಪ ಜೋರಾಗಿ ಹೋದ್ರೆ ಹ್ಯಾಂಡಲ್ ಗಡಗಡ ನಡುಗುತ್ತೆ ಕಣಪ್ಪಾ. ಹಲ್ಲುಸೆಟ್ಟು ಬಾಯಲ್ಲಿ ನಿಲ್ತಿಲ್ಲ."

ಚಿಕ್ಕಪ್ಪ ಬೇರಿಂಗ್ ಬದಲಿಸಿದ. ಮೇಷ್ಟ್ರು ಮತ್ತೆ ಬಂದರು. ಫೋರ್ಕ್ ಬಿಚ್ಚಿ ಜೋಡಿಸಿದ, ಟೈರ್ ಬದಲಿಸಿದ. ಮತ್ತೆ ಬಂದರು. ರಸ್ತೆಯನ್ನು ಬೈದ, ಕೊನೆಗೆ ಮೇಷ್ಟ್ರ ಹೊಟ್ಟೆಯ ಮೇಲೂ ತಪ್ಪು ಹೊರಿಸಿದ. ಮೊದಲು ನೋಡಬೇಕಾದದ್ದು ಚಕ್ರವನ್ನು ಎಂದು ಗ್ಯಾರೇಜಿನ ಬೆಕ್ಕಿಗೂ ಗೊತ್ತಿತ್ತು.

ಚಿಕ್ಕಮ್ಮನ ಕಣ್ಣು ಮಂಜಾಗುತ್ತಿತ್ತು. ಅವಳು ಲೋಟದ ಪಕ್ಕಕ್ಕೆ ಚಹಾ ಸುರಿದದ್ದನ್ನು ನಾನೂ ನೋಡಿದ್ದೆ, ಚಿಕ್ಕಪ್ಪನೂ ನೋಡಿದ್ದ. ಅವಳು ಹೇಳಲಿಲ್ಲ, ಅವನು ಕೇಳಲಿಲ್ಲ. ಚಕ್ರದ ಕೆಲಸ ಕೈಬಿಟ್ಟರೆ ಅವಳು ಕುಗ್ಗಿಹೋಗುತ್ತಾಳೆ ಎಂದು ಅವನಿಗೆ ಭಯ. ಊರಿಗೆಲ್ಲ ಮುಂಗೋಪಿ, ಹೆಂಡತಿಯ ವಿಷಯದಲ್ಲಿ ಬೆಣ್ಣೆ. ನೋಡಿದರೆ ಅಯ್ಯೋ ಅನ್ನಿಸುತ್ತಿತ್ತು.

"ಚಕ್ರ ಒಂದ್ಸಲ ನೋಡಬಾರ್ದೇನಪ್ಪಾ?" ಎಂದು ಮೇಷ್ಟ್ರು ಬಾಯಿಬಿಟ್ಟದ್ದೇ ತಡ, ಚಿಕ್ಕಪ್ಪ ಉರಿದುಬಿದ್ದ.

"ಅದು ಅವಳು ಕಟ್ಟಿರೋ ಚಕ್ರ! ನಂಬಿಕೆ ಇಲ್ದಿದ್ರೆ ಬೇರೆ ಕಡೆ ತಗೊಂಡೋಗಿ!"

ಒಳಗಿದ್ದ ಚಿಕ್ಕಮ್ಮ ಕೈ ಒರೆಸಿಕೊಳ್ಳುತ್ತ ಬಂದಳು. ಚಕ್ರ ಬಿಚ್ಚಿಸಿ ಸ್ಟ್ಯಾಂಡಿಗೇರಿಸಿ ತಿರುಗಿಸಿದಳು. ಬಾಗಿಲಲ್ಲಿ ನಿಂತ ನನಗೇ ಕಾಣುವಷ್ಟು ರಿಮ್ಮು ಅತ್ತಿತ್ತ ಓಲಾಡುತ್ತಿತ್ತು. ಅವಳು ಕಣ್ಣು ಕಿರಿದು ಮಾಡಿ ನೋಡಿದಳು.

"ನೆಟ್ಟಗಿದೆ ಅನ್ಸುತ್ತೆ. ನೀವು ಹೇಳಿ."

ಚಿಕ್ಕಪ್ಪ ಮೇಷ್ಟ್ರ ಮುಖ ನೋಡಲಿಲ್ಲ. "ನೆಟ್ಟಗಿದೆ," ಎಂದ. "ದಾರ ಹಿಡಿದ ಹಾಗಿದೆ."

ಚಿಕ್ಕಮ್ಮ ತನ್ನ ಉಗುರನ್ನು ಮೆಲ್ಲಗೆ ರಿಮ್ಮಿನ ಅಂಚಿಗೆ ತಂದಳು. ತಾಗಿತು, ಬಿಟ್ಟಿತು, ಮತ್ತೆ ತಾಗಿತು. ಚಕ್ರ ನಿಲ್ಲುವ ತನಕ ಅವಳು ಬೆರಳು ತೆಗೆಯಲಿಲ್ಲ.

"ಕಣ್ಣು ಮಂಜಾಗಿರೋದು ನಂಗೆ ಕಣ್ರೀ," ಎಂದಳು. "ನಿಮಗೇನಾಗಿದೆ?"

ಅಷ್ಟೆತ್ತರದ ಆಳು ನಿಂತಲ್ಲೇ ಮುದುರಿಹೋದ. ಮೇಷ್ಟ್ರು ಕೆಮ್ಮುತ್ತ ಹೊರಗೆ ಹೋದರು. ಚಿಕ್ಕಮ್ಮ ಕಾಲಿನಿಂದ ಇನ್ನೊಂದು ಸ್ಟೂಲನ್ನು ಪಕ್ಕಕ್ಕೆ ಎಳೆದಳು.

"ಬನ್ನಿ, ಕೂತ್ಕೊಳ್ಳಿ. ನೀವು ನೋಡಿ ಹೇಳಿ, ಕಡ್ಡಿ ನಾನು ಬಿಗಿ ಮಾಡ್ತೀನಿ. ಇದ್ದದ್ದು ಇದ್ದ ಹಾಗೆ ಹೇಳ್ಬೇಕು, ಆಯ್ತಾ?"

ಅವನು ಕೂತ. ಅವಳು ಚಕ್ರ ತಿರುಗಿಸಿದಳು. ಅವನು ರಿಮ್ಮಿನ ಹತ್ತಿರ ಬಗ್ಗಿ ನೋಡಿದ.

"ಎಡಕ್ಕೆ ಓಲಾಡ್ತಿದೆ ಕಣೇ," ಎಂದ. "ತುಂಬಾನೇ."