ಏಲಕ್ಕಿ ವಾಸನೆಯ ಕರಿಯ

ಸ್ನೇಹಿತರೇ, ಮೂರು ದಿನದಿಂದ ನಾಪತ್ತೆಯಾಗಿದ್ದ ನಮ್ಮ ಬೆಕ್ಕು ಕರಿಯ ಇವತ್ತು ಸಿಕ್ಕಿದ. ನಾವಿರುವುದು ತಮಿಳುನಾಡಿನ ಬೋಡಿಯಲ್ಲಿ; ಮನೆಯಿಂದ ಎರಡು ಬೀದಿ ಆಚೆ, ಏಲಕ್ಕಿ ಮಂಡಿಯೊಂದರಲ್ಲಿ, ಮೂಟೆಯ ಮೇಲೆ ಹಾಯಾಗಿ ಮಲಗಿದ್ದ.

ಎತ್ತಿಕೊಳ್ಳಲು ಹೋದರೆ ಮಂಡಿಯ ಯಜಮಾನರು ತಮಿಳಿನಲ್ಲಿ ಗದರಿದರು: "ಅದು ನಮ್ಮ ಬೆಕ್ಕಮ್ಮಾ, ಇಲಿ ಹಿಡಿಯೋಕೆ ಇಟ್ಕೊಂಡಿದ್ದೀವಿ. ಬೇಕಾದ್ರೆ ಮೂಸಿ ನೋಡಿ, ಏಲಕ್ಕಿ ವಾಸನೆ!"

ನನಗೆ ಪಿತ್ತ ನೆತ್ತಿಗೇರಿತು. "ಮೂರು ದಿನ ಇಲ್ಲಿ ಬಿದ್ಕೊಂಡ್ರೆ ನಾನೂ ಏಲಕ್ಕಿ ವಾಸನೆ ಹೊಡೀತೀನಿ. ನಿಮ್ಮದೇ ಆದ್ರೆ ಕರೀರಿ ನೋಡೋಣ," ಎಂದೆ, ನಾನೂ ತಮಿಳಿನಲ್ಲೇ.

"ವಾಡಾ ಕಣ್ಣಾ, ವಾಡಾ" ಎಂದು ಅವರು ಎಷ್ಟು ಗೋಗರೆದರೂ ಕರಿಯ ಕಿವಿ ಕೂಡ ಅಲ್ಲಾಡಿಸಲಿಲ್ಲ. ನಾನು ನಮ್ಮ ಮನೆಮಾತು ಕನ್ನಡದಲ್ಲಿ "ಬಾರ್ಲಾ ಕರಿಯಾ, ಹಾಲು ಮಡಗಿವ್ನಿ" ಎಂದದ್ದೇ ತಡ, ಮೂಟೆಯಿಂದ ಜಿಗಿದು ಬಂದು ಕಾಲಿಗೆ ಸುತ್ತಿಕೊಂಡ. ಯಜಮಾನರು ಮುಖ ತಿರುಗಿಸಿ ಮೂಟೆ ಎಣಿಸತೊಡಗಿದರು.

ಗೆದ್ದ ಹುಮ್ಮಸ್ಸಿನಲ್ಲಿ ಮನೆಗೆ ಬಂದು ಮಗಳನ್ನು ಕೂಗಿದೆ: "ಬಾಗ್ಲು ತಗಿಯವ್ವಾ, ಕರಿಯ ಬಂದವ್ನೆ!"

ಒಳಗಿನಿಂದ ತಮಿಳಿನಲ್ಲಿ ಉತ್ತರ: "ಇರುಮ್ಮಾ, ವರೇನ್." ಇರಮ್ಮಾ, ಬಂದೆ ಅಂತ.

ಹದಿನೈದು ವರ್ಷ ನನ್ನ ಕೈತುತ್ತು ತಿಂದವಳು ಒಂದು ದಿನವೂ ಕನ್ನಡದಲ್ಲಿ ಓಗೊಟ್ಟಿಲ್ಲ. ನಾಳೆ ಇವಳೇ ಕಳೆದುಹೋದರೆ ನನ್ನವಳೆಂದು ಯಾರ ಮುಂದೆ ಹೇಗೆ ಸಾಬೀತು ಮಾಡಲಿ?