ಗದ್ದಲ ಮಾಡುವವನಿಗೇ ಬ್ಯಾಡ್ಜು

ಕಾಲೇಜಿನ ಗ್ಯಾದರಿಂಗಿಗೆ, ಅಂದರೆ ವಾರ್ಷಿಕೋತ್ಸವಕ್ಕೆ, ಮುಖ್ಯ ಅತಿಥಿ ಹೇಳಿದ ಹೊತ್ತಿಗೆ ಬಂದದ್ದನ್ನು ನನ್ನ ಕಣ್ಣಂತೂ ಕಂಡಿಲ್ಲ. ಬಾಗಲಕೋಟೆಯಲ್ಲಿ ನಾವು ಡಿಗ್ರಿ ಓದುವಾಗ ಪ್ರತಿ ವರ್ಷವೂ ಅದೇ ಕತೆ. ಪೆಂಡಾಲಿನ ತುಂಬ ಹುಡುಗರು, ಮೇಲೆ ಬಿಸಿಲು, ಹಿಂದಿನ ಸಾಲಿನಿಂದ ಸೀಟಿ, ಕೂಗು. ಸಾಂಸ್ಕೃತಿಕ ಸಮಿತಿಯಲ್ಲಿದ್ದ ನಾವು ಪಡದೆಯ ಹಿಂದೆ ಅಡಗುತ್ತಿದ್ದೆವು. ಸಮಿತಿಯ ಕಾರ್ಯದರ್ಶಿ ನನ್ನ ಗೆಳೆಯ. ಇಳಕಲ್ಲಿನ ಹುಡುಗ, ಈದಿಗೆ ಅವನ ಮನೆಯ ಸುರಕುಂಬಾ ಕುಡಿಯದಿದ್ದರೆ ನನಗೆ ವರ್ಷ ಮುಗಿದಂತೆ ಅನ್ನಿಸುವುದಿಲ್ಲ. ಅವನು ಮೈಕು ಹಿಡಿದು ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಡುತ್ತಿದ್ದ: "ಸಾಹೇಬ್ರ ಕಾರ್ ಇನ್ನಾ ಊರ ಬಿಟ್ಟಿಲ್ಲ. ಏನಿಲ್ಲಂದ್ರೂ ಒಂದ್ ತಾಸ ಬೇಕು. ಕುಂದ್ರೂದಿದ್ರ ಕುಂದರ್ರಿ, ಹಾಡೂದಿದ್ರ ಮ್ಯಾಲ ಬರ್ರಿ."

"ಈಗ ಬಂದ್ರು, ಈಗ ಬಂದ್ರು ಅಂತ ಹೇಳಲೇ," ಎಂದು ನಾವು ಹಿಂದಿನಿಂದ ಅವನ ಅಂಗಿ ಜಗ್ಗುತ್ತಿದ್ದೆವು.

"ಒಮ್ಮೆ ಸುಳ್ಳ ಹೇಳಿದ್ರ ನಂಬ್ತಾರ. ಎರಡನೇ ಸಲಕ್ಕ ಕುರ್ಚಿ ಮುರೀತಾರ," ಅನ್ನುತ್ತಿದ್ದ.

ಆಮೇಲೆ ಅವನು ಮಾಡುತ್ತಿದ್ದ ಕೆಲಸವೇ ಕೆಲಸ. ಹಿಂದಿನ ಸಾಲಿಗೆ ನಡೆದು ಹೋಗಿ, ಎಲ್ಲರಿಗಿಂತ ಜೋರಾಗಿ ಕೂಗುತ್ತಿದ್ದವನನ್ನು ಹುಡುಕಿ, ತನ್ನ ಎದೆಯ ಮೇಲಿನ ಸಮಿತಿಯ ರಿಬ್ಬನ್ ಬ್ಯಾಡ್ಜು ಬಿಚ್ಚಿ ಅವನ ಅಂಗಿಗೆ ಚುಚ್ಚಿಬಿಡುತ್ತಿದ್ದ. "ಲೇ ಹುಲಿ, ಈ ಕಡೀ ಸಾಲೆಲ್ಲಾ ನಿಂದು. ನಿನ್ನ ಮಾತ ಯಾರೂ ಮೀರಂಗಿಲ್ಲ ನೋಡು." ಸೀಟಿ ಹೊಡೆಯುತ್ತಿದ್ದ ಅದೇ ಬಾಯಿ ಮರುಗಳಿಗೆಯಲ್ಲಿ "ಏ, ಸುಮ್ನ ಕುಂದರ್ರಲೇ!" ಎಂದು ಗದರುತ್ತಿತ್ತು. ಪಡದೆಯ ಹಿಂದೆ ನಿಂತ ನಮಗೆ ನಗು ತಡೆಯಲಾಗುತ್ತಿರಲಿಲ್ಲ.

ಡಿಗ್ರಿ ಮುಗಿದ ಮೇಲೆ ನಾನು ಅವನ ಊರು ಇಳಕಲ್ಲಿನಲ್ಲೇ ಹೈಸ್ಕೂಲ್ ಮಾಸ್ತರನಾದೆ. ಅದೇ ಉಪಾಯ ಮಾಡಲು ಹೋಗಿ, ತುಂಟರ ಮುಖಂಡನನ್ನು ಮಾನಿಟರ್ ಮಾಡಿದೆ. ವಾರದೊಳಗೆ ಕ್ಲಾಸು ಸಂತೆಯಾಯಿತು. ಅದಕ್ಕೆ ನನ್ನ ಗೆಳೆಯನಂಥ ಗುಂಡಿಗೆ ಬೇಕು. ಕೆಲಸ ಕೊಟ್ಟ ಮೇಲೆ ಅವನು ತಿರುಗಿ ನೋಡುತ್ತಿರಲಿಲ್ಲ. ನಾನೋ, ಕೊಟ್ಟು ಬಾಗಿಲ ಸಂದಿಯಿಂದ ಇಣುಕುವ ಜಾತಿಯವನು.

ಅವನು ಇಳಕಲ್ಲಿನ ಬಸ್ ಸ್ಟ್ಯಾಂಡಿನಲ್ಲಿ ಕಂಟ್ರೋಲರ್ ಆದ. ಯಾವ ಬಸ್ಸು ಯಾವ ಊರಿಗೆ, ಎಷ್ಟು ಗಂಟೆಗೆ ಎಂದು ಮೈಕಿನಲ್ಲಿ ಕೂಗುವ, ಬಸ್ಸು ಬಿಡುವ ಕೆಲಸ. "ಅಷ್ಟ್ ಶಾಣ್ಯಾ ಇದ್ದಾಂವ, ಗ್ಯಾದರಿಂಗ್ ಗ್ಯಾದರಿಂಗ್ ಅಂತ ಅಡ್ಡಾಡಿ ಹಾಳಾದ," ಎಂದು ನಮ್ಮ ಜೊತೆ ಓದಿದ ಕೆಲವರು ಆಡಿಕೊಳ್ಳುತ್ತಾರೆ. ನನಗೆ ಮೈಯೆಲ್ಲ ಉರಿಯುತ್ತದೆ. ಅಂಥವರು ಆ ರವಿವಾರ ಮುಂಜಾನೆ ಅಲ್ಲಿರಬೇಕಿತ್ತು.

ಅವತ್ತು ಬಾಗಲಕೋಟೆಯಲ್ಲಿ ನನ್ನ ಮಗಳಿಗೆ ಸರ್ಕಾರಿ ನೌಕರಿಯ ಪರೀಕ್ಷೆ. ವಯಸ್ಸಿನ ಮಿತಿಯ ಅಂಚಿನಲ್ಲಿದ್ದಳು. ಇದು ತಪ್ಪಿದರೆ ಮತ್ತೆ ಬರೆಯುವಂತಿರಲಿಲ್ಲ. ಹತ್ತಕ್ಕೆ ಗೇಟು ಮುಚ್ಚುತ್ತದೆ, ಮುಚ್ಚಿದ ಮೇಲೆ ದೇವರು ಬಂದರೂ ತೆಗೆಯುವುದಿಲ್ಲ. ಏಳಕ್ಕೇ ಸ್ಟ್ಯಾಂಡಿಗೆ ಬಂದರೆ ಬಾಗಲಕೋಟೆ ಬಸ್ಸುಗಳ ಪತ್ತೆಯೇ ಇಲ್ಲ. ಕುಷ್ಟಗಿ ರಸ್ತೆಯಲ್ಲಿ ಗ್ರಾನೈಟ್ ಬಂಡೆ ಹೊತ್ತ ಲಾರಿ ಅಡ್ಡ ಬಿದ್ದು, ಬರಬೇಕಾದ ಬಸ್ಸುಗಳೆಲ್ಲ ಅದರಾಚೆ ಸಿಕ್ಕಿಕೊಂಡಿದ್ದವು. ಲಗ್ನದ ದಿನಗಳು, ಬಾಡಿಗೆ ಜೀಪು ಒಂದೂ ಇಲ್ಲ. ನನ್ನ ಸ್ಕೂಟರು ಹುನಗುಂದ ದಾಟಿದರೇ ಪುಣ್ಯ. ಪರೀಕ್ಷೆಗೆ ಹೊರಟ ಹುಡುಗ ಹುಡುಗಿಯರು ಒಂದು ಬಸ್ಸು ತುಂಬುವಷ್ಟಿದ್ದರು. ಮಗಳು ಚೀಲವನ್ನು ಎದೆಗವಚಿಕೊಂಡು ನಿಂತಿದ್ದಳು.

ಮೈಕಿನಲ್ಲಿ ಗೆಳೆಯನ ದನಿ ಬಂತು. "ಬಾಗಲಕೋಟಿ ಬಸ್ ಬರೂದು ಖರೆ, ಯಾವಾಗ ಅನ್ನೂದು ನನಗೂ ಗೊತ್ತಿಲ್ಲ. ಪರೀಕ್ಷಾ ಬರಿಯವ್ರು ನನ್ನ ಕಿಡಕಿ ಮುಂದ ಬರ್ರಿ."

ಅಷ್ಟರಲ್ಲಿ ಗಟ್ಟಿ ದನಿಯ ರೈತನೊಬ್ಬ ಅದೇ ಕಿಟಕಿಯ ಸರಳು ಹಿಡಿದು ಕೂಗಾಡತೊಡಗಿದ. "ಮರೋಳ ಬಸ್ ಎಲ್ಲೈತ್ರಿ? ಇವತ್ತ ನನ್ನ ಹೊಲಕ್ಕ ನೀರಿನ ಪಾಳಿ! ಪಾಳಿ ತಪ್ಪಿದ್ರ ನೀವ ಬಂದು ನೀರ ಹಾಯಸ್ತೀರೇನು?" ಏತ ನೀರಾವರಿಯ ನೀರು ಅಲ್ಲಿಯ ಹೊಲಗಳಿಗೆ ಸರದಿಯ ಮೇಲೆ ಬರುತ್ತದೆ. ಅವನ ಸಿಟ್ಟಿನಲ್ಲಿ ನ್ಯಾಯವಿತ್ತು.

ಗೆಳೆಯ ಹೊರಗೆ ಬಂದ. "ಅಣ್ಣಾರ, ಮರೋಳ ಬಸ್ ಎಂಟೂವರಿಗೆ ಹೊಂಡತೈತಿ, ನಿಮ್ಮ ಪಾಳಿ ತಪ್ಪಂಗಿಲ್ಲ. ಅಲ್ಲೀತನಾ ನಂದೊಂದು ಕೆಲಸ ಮಾಡ್ರಿ. ನಿಮ್ಮ ಧ್ವನಿ ನನ್ನ ಮೈಕಿಗಿಂತ ಛಲೋ ಐತಿ. ಈ ಪರೀಕ್ಷಾ ಮಕ್ಕಳ್ನ ಒಂದ್ ಸಾಲ ಹಚ್ರಿ. ಯಾರೂ ಹಿಂದ ಉಳೀಬಾರ್ದು, ನಡುವ ಯಾರೂ ನುಗ್ಗಬಾರ್ದು. ಇದು ನಿಮ್ದ ಜವಾಬ್ದಾರಿ."

ರೈತ ತಲೆಯ ಟವೆಲ್ಲು ಬಿಚ್ಚಿ ಸೊಂಟಕ್ಕೆ ಬಿಗಿದ. "ಏ ತಂಗಿ, ಈ ಕಡಿ ಬಾ! ಏ ತಮ್ಮಾ, ನೂಕಬ್ಯಾಡಲೇ!" ಆ ಸಂಕಟದಲ್ಲೂ ನನಗೆ ನಗು ಬಂತು. ಇದನ್ನು ಯಾವ ತರಬೇತಿಯಲ್ಲೂ ಕಲಿಸಿದ್ದನ್ನು ನಾನು ಕಂಡಿಲ್ಲ. ಗೆಳೆಯ ಅದನ್ನು ಕಲಿತದ್ದು ಕಾಲೇಜಿನ ಆ ಪೆಂಡಾಲಿನ ಧೂಳಿನಲ್ಲೇ.

ಸ್ಟ್ಯಾಂಡಿನಲ್ಲಿ ಬಾದಾಮಿ ಬಸ್ಸೊಂದೇ ಹೊರಡಲು ತಯಾರಿತ್ತು. ಶಿವಯೋಗ ಮಂದಿರಕ್ಕೆ ಹೊರಟ ಹಿರಿಯರೇ ಹೆಚ್ಚು. ಕಿಟಕಿಯಿಂದ ಟವೆಲ್ಲು ಎಸೆದು ಹಿಡಿದ ಸೀಟನ್ನು ನಮ್ಮ ಕಡೆ ಸ್ವಂತ ತಮ್ಮನಿಗೂ ಬಿಟ್ಟುಕೊಡುವುದಿಲ್ಲ. ಗೆಳೆಯ ಮೇಲಿನವರಿಗೆ ಫೋನು ಹಚ್ಚಿ, ಆ ಬಸ್ಸನ್ನೇ ಬಾಗಲಕೋಟೆಗೆ ಬಿಡಲೇ ಎಂದು ಕೇಳಿದ. "ಕುಂತ ಮಂದಿ ತಾವಾಗಿ ಇಳಿದ್ರ ಕಳಸು. ಒಬ್ರು ತಕರಾರ ತಗದ್ರೂ ನಿನ್ನ ಮ್ಯಾಲ ಬರತೈತಿ," ಎಂದರಂತೆ.

ಅವನು ಬಸ್ಸು ಹತ್ತಿದ. ನಾನು ಬಾಗಿಲಲ್ಲಿ ನಿಂತೆ. ಅವನ ಮಾತಿನಲ್ಲಿ ದಬಾಯಿಸುವುದೂ ಇಲ್ಲ, ಗೋಗರೆಯುವುದೂ ಇಲ್ಲ. "ಹಿರಿಯರ, ಈ ಬಸ್ ಬಾಗಲಕೋಟಿಗೆ ಬೇಕಾಗೇತಿ. ಕೆಳಗ ನಿಂತ ಮಕ್ಕಳು ಹತ್ತರೊಳಗ ಮುಟ್ಟಬೇಕು. ನೀವು ಇಳದ್ರ ಹೋಗ್ತಾರ, ಇಲ್ಲಂದ್ರ ಇಲ್ಲ."

ಮುಂದಿನ ಸೀಟಿನ ಅಜ್ಜಿ ಕೇಳಿದಳು, "ನಮಗ ಮತ್ತೊಂದು ಬಸ್ ಯಾವಾಗೋ ತಮ್ಮಾ?"

"ಮಧ್ಯಾಹ್ನ ಆದ್ರೂ ಆಗಬಹುದು, ಯವ್ವಾ."

"ಬ್ಯಾರೇದಾಂವ ಇದ್ರ ಹತ್ತ ನಿಮಿಷ ಅಂತಿದ್ದ," ಎಂದು ಅಜ್ಜಿ ಸೆರಗು ಸರಿಮಾಡಿಕೊಂಡು ಎದ್ದಳು. "ಹಿಡಿ, ನನ್ನ ಗಂಟ ಹಿಡಿ." ಅವಳ ಹಿಂದೆ ಒಬ್ಬೊಬ್ಬರೇ ಟವೆಲ್ಲು ಎತ್ತಿಕೊಂಡು ಇಳಿದರು. ನನಗೆ ಅವರ ಕಾಲಿಗೆ ಬೀಳಬೇಕೆನ್ನಿಸಿತು.

ಅಪ್ಪ ಅಮ್ಮಂದಿರಿಗೆ ಬಸ್ಸಿನಲ್ಲಿ ಜಾಗವಿರಲಿಲ್ಲ. ಮಗಳು ಕಿಟಕಿಯಿಂದ ಕೈ ಮಾಡಿದಳು, ಬಸ್ಸು ಹೊರಟಿತು. ಆಮೇಲೆ ನೋಡಿದರೆ ರೈತನೇ ಇಲ್ಲ. ಎಂಟೂವರೆಗೆ ಮರೋಳ ಬಸ್ಸು ಬಂದಾಗ ಗೆಳೆಯ ಮೈಕಿನಲ್ಲಿ ಕೂಗಿದ್ದೇ ಕೂಗಿದ್ದು. ಆಸಾಮಿ ಬರಲಿಲ್ಲ, ಬಸ್ಸು ಹೋಯಿತು. ಗೆಳೆಯನ ಮುಖ ಸಪ್ಪಗಾಯಿತು. "ಮಾತು ಕೊಟ್ಟಿದ್ದೆಲೇ, ಪಾಳಿ ತಪ್ಪಂಗಿಲ್ಲಂತ," ಎಂದ.

ಸಂಜೆ ಬಾಗಲಕೋಟೆ ಬಸ್ಸಿನಿಂದ ಮಗಳು ಇಳಿದಳು. ಮುಖ ನೋಡಿಯೇ ಗೊತ್ತಾಯಿತು, ಬರೆದಿದ್ದಾಳೆ. ಬೆನ್ನ ಹಿಂದೆಯೇ ಆ ರೈತನೂ ಇಳಿದ. "ಅಪ್ಪಾ, ಗೇಟ್ ಮುಚ್ಚಾಕ ಕೈ ಹಚ್ಚಿದ್ರು. ಈ ಕಾಕಾ ಬಸ್ಸಿನ ಬಾಗಲದಾಗಿಂದನ ಹೆಂಗ ಒದರಿದ್ರಂದ್ರ, ಗೇಟಿನಾಂವ ಹೆದರಿ ನಿಂತಬಿಟ್ಟ!" ಎಂದಳು ಮಗಳು.

ಡ್ಯೂಟಿ ಮುಗಿದರೂ ಮನೆಗೆ ಹೋಗದೆ ಕೂತಿದ್ದ ಗೆಳೆಯ ಓಡಿಬಂದ. "ಏನ ಮಾಡಿದ್ರಿ ಅಣ್ಣಾರ? ಸಾಲ ಹಚ್ರಿ ಅಂದಿದ್ದೆ, ಬಾಗಲಕೋಟಿತನಾ ಹೋಗ್ರಿ ಅಂದಿದ್ದಿಲ್ಲಲ್ಲ! ನಿಮ್ಮ ನೀರಿನ ಪಾಳಿ ಹೋತಲ್ರಿ!"

"ಜವಾಬ್ದಾರಿ ಅಂದಾಂವ ನೀನ ಅಲ್ಲೇನೋ? ಅರ್ಧಾಕ್ಕ ಹೆಂಗ ಬಿಡ್ಲಿ?" ರೈತ ಮುಂಜಾನೆಯ ದನಿಯಲ್ಲೇ ಗದರಿದ. ಆಮೇಲೆ ಮಗಳ ಕಡೆ ನೋಡಿ, ಮೆಲ್ಲಗೆ ಎಂದ: "ನನ್ನ ಪಾಳಿ ಮುಂದಿನ ವಾರ ಮತ್ತ ಬರತೈತಿ, ತಮ್ಮಾ. ಈ ಹುಡುಗೀದು ಬರ್ತಿತ್ತೇನು?"